ಕಡಲ ಕರೆಯಲ್ಲಿ ಎಂಟು ದಿನ ಸ್ವಯಂಪಾಕ

ಸ್ವಯಂಪಾಕವೆಂಬ ಮಾತು ನಮ್ಮ ಹಿರಿಯರ ಕಾಲದಲ್ಲಿ ಯಾತ್ರೆಯ ಸಂಗಡ ಅಂಟಿಕೊಂಡೇ ಇದ್ದಿತು. ಕಾಶಿಗೆ ಹೊರಟವನಾಗಲಿ ರಾಮೇಶ್ವರಕ್ಕೆ ಹೊರಟವನಾಗಲಿ ತನ್ನ ಗಂಟಿನಲ್ಲಿ ಒಂದು ಹಿತ್ತಾಳೆಯ ತಪ್ಪಲೆಯನ್ನೂ ನಾಲ್ಕು ಸೇರು ಅಕ್ಕಿಯನ್ನೂ ಕಟ್ಟಿಕೊಂಡು, ದಾರಿಯ ಛತ್ರದ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತಿದ್ದನು. ತಾನೇ ಬೇಯಿಸಿಕೊಳ್ಳುವುದೆಂಬುದೇ ಆ ಶಬ್ದದ ಅರ್ಥ. ಮೂವತ್ತನಾಲ್ಕು ವರ್ಷ ಹುಡುಗರಿಗೆ ಸಂಸ್ಕೃತ ಹೇಳಿಕೊಟ್ಟ ನಾನು ಈ ಸಮಾಸದ ಪೂರ್ವಪದವನ್ನು ಅಷ್ಟಾಗಿ ಲಕ್ಷಿಸಿರಲಿಲ್ಲವೆಂಬುದು ಕಳೆದ ಆಶ್ವಯುಜದಲ್ಲಿ ಮರವಂತೆಯ ಒಂದು ಬಾಡಿಗೆಯ ಮನೆಯಲ್ಲಿ ತಿಳಿದುಬಂದಿತು. ಆ ಮನೆಯ ಸಂಗತಿಯನ್ನೇ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯವನು. ಬೆಟ್ಟದ ತಪ್ಪಲು ಗೊತ್ತು, ಕೆರೆಯ ಏರಿ ಗೊತ್ತು, ಕಡಲು ಗೊತ್ತಿಲ್ಲ. ಗೊತ್ತಿಲ್ಲವೆಂದರೆ ಪುಸ್ತಕದಲ್ಲಿ ಮಾತ್ರ ಚೆನ್ನಾಗಿ ಗೊತ್ತು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕದಲ್ಲಿ ಕುಳಿತು ಸೀತೆಗೆ ಸಮುದ್ರವನ್ನು ತೋರಿಸುತ್ತಾನಷ್ಟೆ; ಆ ಸರ್ಗವನ್ನು ಎಷ್ಟು ಸಲ ಪಾಠ ಹೇಳಿದೆನೋ ಲೆಕ್ಕವಿಲ್ಲ. ಅಮರಕೋಶವು ಸಮುದ್ರಕ್ಕೆ ಕೊಡುವ ಹದಿನೈದು ಹೆಸರುಗಳನ್ನು ನಿದ್ದೆಯಿಂದೆಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ. ಆದರೆ ಕಣ್ಣಿನಿಂದ ಕಂಡದ್ದು ಮೂರೇ ಸಲ, ಅದೂ ಶಾಲೆಯ ಪ್ರವಾಸದಲ್ಲಿ. ಅರವತ್ತು ಹುಡುಗರನ್ನು ನೀರಿನ ಅಂಚಿಗೆ ಬಿಟ್ಟ ಉಪಾಧ್ಯಾಯನು ಅಲೆಗಳನ್ನು ನೋಡುವುದಿಲ್ಲ, ತಲೆಗಳನ್ನು ಎಣಿಸುತ್ತಾನೆ. ಐವತ್ತೊಂಬತ್ತೆಂದು ಲೆಕ್ಕ ಬಂದಾಗ ಅವನ ಹೊಟ್ಟೆಯಲ್ಲಿ ಏನಾಗುವುದೆಂಬುದನ್ನು ಕಾಳಿದಾಸನು ವರ್ಣಿಸಿಲ್ಲ. ಹೀಗೆ ಮೂರು ಸಲ ನೂರೆಂಬತ್ತು ತಲೆಗಳನ್ನು ಕಂಡು ಬಂದೆನೇ ಹೊರತು ಕಡಲನ್ನು ಕಂಡೆನೆಂದು ಹೇಳಲಾರೆ.

ನನ್ನ ಮನೆಯಾಕೆಗೆ ಆ ಮಟ್ಟಿನ ಭಾಗ್ಯವೂ ಇರಲಿಲ್ಲ. ಆಕೆಯ ತವರು ಚಳ್ಳಕೆರೆಯ ಸೀಮೆ. ನಮ್ಮ ನಾಡಿನಲ್ಲಿ ಮಳೆ ಅತಿ ಕಡಮೆ ಬೀಳುವ ಪ್ರದೇಶಗಳಲ್ಲಿ ಅದೊಂದು. ಮದುವೆಯಾಗಿ ಮೂವತ್ತೈದು ವರ್ಷಗಳಾದವು. ಒಮ್ಮೆ ಉಡುಪಿಗೆ ಹೋಗಿದ್ದೆವು; ದೇವರ ದರ್ಶನವಾಗಿ, ಊಟವಾಗಿ, ಅಲ್ಲಿಗೆ ಅಷ್ಟು ಹತ್ತಿರದ ಮಲ್ಪೆಗೆ ಹೋಗಿಬರೋಣವೆಂದರೆ ಹಿಂದಿರುಗುವ ಬಸ್ಸಿನ ಹೊತ್ತಾಗಿಹೋಗಿತ್ತು. ಆದಕಾರಣ ನಾನು ನಿವೃತ್ತನಾದ ಮೇಲೆ, ಒಂದು ವಾರವಾದರೂ ಸಮುದ್ರದ ಹತ್ತಿರ ಮನೆ ಹಿಡಿದು ಇರಬೇಕೆಂಬ ಸಂಕಲ್ಪ ಮಾಡಿದೆನು. ವಿಜಯದಶಮಿ ಕಳೆದ ಮೇಲೂ ಮೊಮ್ಮಗಳಿಗೆ ರಜೆ ಉಳಿದಿತ್ತು. ಒಂಬತ್ತು ವರ್ಷದ ಆ ಹುಡುಗಿಯನ್ನೂ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು.

ಹೋಟೆಲಿನಲ್ಲಿ ಏಕೆ ಇಳಿದುಕೊಳ್ಳಬಾರದೆಂದು ಮಗನು ಕೇಳಿದನು. ನನಗೆ ರಕ್ತದೊತ್ತಡ. ದಿನಕ್ಕೆ ಐದು ಗ್ರಾಮಿಗಿಂತ ಹೆಚ್ಚು ಉಪ್ಪು ಕೂಡದೆಂದು ವೈದ್ಯರ ಅಪ್ಪಣೆ. ಹೋಟೆಲಿನ ಸಾಂಬಾರಿನಲ್ಲಿ ಎಷ್ಟು ಗ್ರಾಮಿದೆಯೆಂದು ಯಾರನ್ನು ಕೇಳುವುದು? ಅದಲ್ಲದೆ ಮನೆಯ ಅಡಿಗೆಯಾದರೆ ಖರ್ಚೂ ಕಡಮೆ, ಆರೋಗ್ಯವೂ ಸರಿ, ಸ್ವಾತಂತ್ರ್ಯವೂ ಉಂಟು. ಹೀಗೆಂದು ನಾನು ಉದ್ದವಾಗಿ ಉಪನ್ಯಾಸ ಮಾಡಿದಾಗ ಮನೆಯಾಕೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಏನೂಂದ್ರೆ, ಅಲ್ಲಿಯೂ ಒಲೆ ಇದೆಯೆ?"

"ಇಲ್ಲದೆ ಏನು? ಎರಡು ಉರಿಯ ಗ್ಯಾಸಿನ ಒಲೆಯೇ ಇದೆ" ಎಂದು ನಾನು ಉತ್ಸಾಹದಿಂದ ಉತ್ತರ ಕೊಟ್ಟೆನು. ಆಕೆಯ ಪ್ರಶ್ನೆಯನ್ನು ನಾನು ವಿಚಾರಣೆಯೆಂದು ತಿಳಿದುಕೊಂಡಿದ್ದೆನು.

ಇಂತಹ ಮನೆಗಳನ್ನು ಗೊತ್ತುಮಾಡುವ ವಿಷಯದಲ್ಲಿ ಎರಡು ಮಾತು. ಮೊಬೈಲಿನ ಚಿತ್ರಗಳಲ್ಲಿ ಎಲ್ಲಾ ಮನೆಗಳೂ ಅರಮನೆಗಳೇ. ಒಬ್ಬ ದಳ್ಳಾಳಿಯು ತನ್ನ ಮನೆಯಿಂದ ಸಮುದ್ರ ಕೂಗಳತೆಯಲ್ಲಿದೆಯೆಂದು ಆಣೆಯಿಟ್ಟು ಹೇಳಿದನು. ವಿಚಾರಿಸಲಾಗಿ ಮೂರು ಕಿಲೋಮೀಟರು, ನಡುವೆ ಹೆದ್ದಾರಿ. ಆದ್ದರಿಂದ ಚಿತ್ರವನ್ನು ನಂಬದೆ ಕೆಲವು ಪ್ರಶ್ನೆಗಳನ್ನು ಬಾಯಿ ಬಿಟ್ಟು ಕೇಳತಕ್ಕದ್ದು: ನೀರು ಬಾವಿಯದೋ ಹೊರಗಿನಿಂದ ಬರುವುದೋ, ಸಿಲಿಂಡರು ತುಂಬಿದೆಯೋ, ಮುಗಿದರೆ ಇನ್ನೊಂದು ಉಂಟೋ, ಪಾತ್ರೆಗಳು ಎಷ್ಟು, ಕರೆಂಟು ಹೋದರೆ ಗತಿಯೇನು, ಕಡಲಿಗೆ ಹೋಗುವಾಗ ಮಕ್ಕಳು ಹೆದ್ದಾರಿ ದಾಟಬೇಕೋ ಬೇಡವೋ. ಶನಿವಾರ ಭಾನುವಾರಗಳಲ್ಲಿ ಬಾಡಿಗೆ ಏರುತ್ತದೆ. ವಾರ ಪೂರ್ತಿ ಹಿಡಿದರೆ ಇಳಿಯುತ್ತದೆ. ನಮಗೆ ದಿನಕ್ಕೆ ೨,೨೦೦ ರೂಪಾಯಿಗೆ ಒಂದು ಹಳೆಯ ಹೆಂಚಿನ ಮನೆಯ ಮುಂಭಾಗ ದೊರೆಯಿತು. ಮನೆಯೊಡತಿ ಎಂಬತ್ತರ ಹತ್ತಿರದ ವೃದ್ಧೆ. ಮಗ ಸೊಸೆ ಮುಂಬಯಿಯಲ್ಲಿ. ಆಕೆ ಹಿಂಬದಿಯ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಬಾಡಿಗೆಯ ಹಣಕ್ಕಿಂತ, ಮುಂಬಾಗಿಲಲ್ಲಿ ದೀಪ ಕಂಡರೆ ಸಾಕೆಂಬುದು ಆಕೆಯ ಆಸೆಯಾಗಿದ್ದಿತೆಂದು ಆಮೇಲೆ ನಮಗೆ ತೋರಿತು.

ಹೊರಡುವ ಹಿಂದಿನ ದಿನ ಮನೆಯಾಕೆ ಕಟ್ಟಿದ ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಹುಳಿಪುಡಿ, ಹುಣಿಸೆಹಣ್ಣು, ಇಂಗು, ಕಾಫಿಯ ಫಿಲ್ಟರು, ಒಗ್ಗರಣೆಯ ಸೌಟು, ಲಟ್ಟಣಿಗೆ, ಇಷ್ಟೂ ಇದ್ದವು. ಆಕೆಯ ಬಟ್ಟೆಗಳು ಆ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಅಡಗಿಹೋಗಿದ್ದವು. ನನ್ನ ಪೆಟ್ಟಿಗೆಯಲ್ಲಿ ರಘುವಂಶ ಇದ್ದಿತು.

ನಾವು ಹತ್ತಿದ್ದು ಬೆಂಗಳೂರಿನಿಂದ ಸಂಜೆ ಹೊರಟು ಕಾರವಾರಕ್ಕೆ ಹೋಗುವ ಪಂಚಗಂಗಾ ಎಂಬ ರೈಲು. ಹಾಸನದಲ್ಲಿ ರಾತ್ರಿ ಹತ್ತಿ ಮಲಗಿದರೆ ಸಕಲೇಶಪುರದ ಘಟ್ಟವೆಲ್ಲ ನಿದ್ದೆಯಲ್ಲಿಯೇ ಇಳಿದುಹೋಗಿ, ಬೆಳಗಿನ ಜಾವಕ್ಕೆ ಕುಂದಾಪುರ. ೧೯೯೮ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗುವುದಕ್ಕೆ ಮುಂಚೆ ಈ ಕರಾವಳಿಯ ಉದ್ದಕ್ಕೆ ಬಸ್ಸಿನಲ್ಲಿ ಹೋದವರಿಗೆ ಈ ಸುಖದ ಬೆಲೆ ತಿಳಿದೀತು. ರೈಲಿಗೆ ಆ ಹೆಸರು ಬಂದುದು ಕುಂದಾಪುರದ ನದಿಗಳಿಂದ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕೀ ಎಂಬ ಐದು ಹೊಳೆಗಳು ಆ ಊರಿನ ಬಳಿ ಕೂಡಿ ಕಡಲಿಗೆ ಬೀಳುತ್ತವೆ. ಆ ಸಂಗಮಕ್ಕೆ ಪಂಚಗಂಗಾವಳಿಯೆಂದು ಹೆಸರು. ಅಲ್ಲಿಂದ ಬಾಡಿಗೆಯ ಕಾರಿನಲ್ಲಿ ಉತ್ತರಕ್ಕೆ ಹೊರಟು, ಹೆಮ್ಮಾಡಿ, ತ್ರಾಸಿಗಳನ್ನು ದಾಟಿದೊಡನೆ, ಮೊಮ್ಮಗಳು ಕೂಗಿಕೊಂಡಳು.

ಅವಳು ಕೂಗಿದ್ದು ಸಹಜ. ಎಡಗಡೆ ಸಮುದ್ರ, ಬಲಗಡೆ ನದಿ, ನಡುವೆ ರಸ್ತೆ! ಮರವಂತೆಯ ಖ್ಯಾತಿಯೇ ಅದು. ಸುಪರ್ಣನೆಂದರೆ ಗರುಡ; ಅವನು ದಡದಲ್ಲಿ ತಪಸ್ಸು ಮಾಡಿದ್ದರಿಂದ ನದಿಗೆ ಸೌಪರ್ಣಿಕೆಯೆಂದು ಹೆಸರಾಯಿತೆಂಬುದು ಸ್ಥಳಪುರಾಣ. ೧೩೪೩ ಮೀಟರು ಎತ್ತರದ ಕೊಡಚಾದ್ರಿಯ ಮಗ್ಗುಲಿನಿಂದ ಇಳಿದು, ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯನ್ನು ಹಾಯ್ದು, ಅದು ಮರವಂತೆಯಲ್ಲಿ ಕಡಲಿಗೆ ಕೈಯಳತೆಯಷ್ಟು ಹತ್ತಿರ ಬರುತ್ತದೆ. ಇನ್ನೇನು ಬೀಳಬೇಕು, ಬೀಳುವುದಿಲ್ಲ. ತಿರುಗಿ, ದಡದ ಗುಂಟ ಸುಮಾರು ಹತ್ತು ಕಿಲೋಮೀಟರು ದಕ್ಷಿಣಕ್ಕೆ ನಡೆದು ಗಂಗೊಳ್ಳಿಯ ಬಳಿಯಲ್ಲಿ ಸೇರುತ್ತದೆ. ಇದಕ್ಕೆ ಕವಿಗಳು ಏನು ಉತ್ಪ್ರೇಕ್ಷೆ ಮಾಡುತ್ತಾರೋ ಮಾಡಲಿ, ಕಾರಣ ಮರಳು. ಅಲೆಗಳು ಹೊತ್ತು ತಂದ ಮರಳು ದಡದ ಗುಂಟ ಒಡ್ಡಾಗಿ ಕಟ್ಟಿಕೊಳ್ಳುತ್ತದೆ. ಬಯಲಿಗೆ ಬಂದು ವೇಗ ಕುಂದಿದ ಹೊಳೆಗೆ ಆ ಒಡ್ಡನ್ನು ಸೀಳಿಕೊಂಡು ಹೋಗುವ ಬಲವಿಲ್ಲ. ಬಾಗಿಲು ಸಿಕ್ಕುವವರೆಗೆ ಗೋಡೆಯ ಬದಿಯಲ್ಲೇ ನಡೆಯುತ್ತದೆ. ಆ ಒಡ್ಡಿನ ಮೇಲೆಯೇ ಹೆದ್ದಾರಿ, ಅದರ ಬದಿಗೆ ವರಾಹಸ್ವಾಮಿಯ ದೇವಸ್ಥಾನ. ಕರ್ಕಾಟಕ ಅಮಾವಾಸ್ಯೆಯ ಜಾತ್ರೆಯಲ್ಲಿ ಭಕ್ತರು ನದಿಯಲ್ಲೂ ಕಡಲಲ್ಲೂ ಎರಡೂ ಸ್ನಾನ ಮಾಡುವರಂತೆ.

ನಮ್ಮ ಮನೆ ಊರೊಳಗೆ, ಹೆದ್ದಾರಿಗೆ ಪಶ್ಚಿಮದಲ್ಲಿ, ತೆಂಗಿನ ತೋಟದ ನಡುವೆ ಇದ್ದಿತು. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಕೆಂಪು ನೆಲದ ತಣ್ಣನೆಯ ಜಗಲಿ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಂದಿನಿಂದ ಈ ಮಾಡು ಕರಾವಳಿಯ ಗುರುತೇ ಆಗಿಹೋಗಿದೆ. ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ. ಅದರ ಬಾಯಿಗೆ ತೆಂಗಿನ ಸಿಪ್ಪೆ. ಅಂಗಳದಲ್ಲಿ ಬಾವಿ. ಕಡಲು ಎರಡು ನೂರು ಹೆಜ್ಜೆಯಲ್ಲಿರುವಾಗ ಈ ನೀರು ಹೇಗೆ ಸಿಹಿಯಾಯಿತೆಂದು ಮೊಮ್ಮಗಳು ಕೇಳಿದಳು, ಒಳ್ಳೆಯ ಪ್ರಶ್ನೆ. ಮಳೆಯ ನೀರು ಮರಳಿನಲ್ಲಿ ಇಳಿದು ಕೆಳಗಿನ ಉಪ್ಪುನೀರಿನ ಮೇಲೆ, ಹಾಲಿನ ಮೇಲೆ ಕೆನೆಯಂತೆ, ತೇಲಿಕೊಂಡಿರುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಷ್ಟೆ. ಪಂಪು ಹಾಕಿ ಒಂದೇ ಸಮನೆ ಎಳೆದರೆ ಕೆನೆ ತೀರಿ ಕೆಳಗಿನ ಉಪ್ಪು ಮೇಲಕ್ಕೇರುತ್ತದೆ. ಅದಕ್ಕಾಗಿಯೇ ಮನೆಯೊಡತಿ ಬೇಸಗೆಯಲ್ಲಿ ಪಂಪಿಗೆ ಬೀಗ ಹಾಕಿ ಕೊಡಪಾನದಲ್ಲಿ ಸೇದುತ್ತಾರಂತೆ.

ಆಕೆ ನಮ್ಮನ್ನು "ಬನಿ, ಬನಿ" ಎಂದು ಎದುರುಗೊಂಡು, ನಾನು ಉಪಾಧ್ಯಾಯನೆಂದು ತಿಳಿದೊಡನೆ "ಮಾಷ್ಟ್ರೆ" ಎಂದು ಕರೆಯಲಾರಂಭಿಸಿದರು. ಮನೆಯ ಪಶ್ಚಿಮಕ್ಕೆ ಕಡಲಿನ ಕಡೆಗೆ ಬೆರಳು ತೋರಿಸಿ, "ಅಲ್ ಕಾಣಿ" ಎಂದು, ತಾವು ಮದುವೆಯಾಗಿ ಬಂದ ಕಾಲಕ್ಕೆ ಅಲ್ಲಿ ಇನ್ನೂ ಎರಡು ಸಾಲು ತೆಂಗಿನ ಮರಗಳು ಇದ್ದವೆಂದರು. ಈಗ ಅಲ್ಲಿ ಅಲೆಗಳು ಇದ್ದವು. ಅಲೆಗಳಿಗೆ ಅಡ್ಡವಾಗಿ ಬಂಡೆಗಳ ರಾಶಿ. ನೀರಿನೊಳಕ್ಕೆ ಚಾಚಿದ ಕಲ್ಲಿನ ಒಡ್ಡುಗಳು. ಕಡಲ್ಕೊರೆತದ ಮಾತು ಈ ಕರೆಯಲ್ಲಿ ಪ್ರತಿ ಮಳೆಗಾಲದಲ್ಲಿಯೂ ಏಳುತ್ತದೆ.

ಮೊದಲ ದಿನ ಸಂಜೆ ನಾವು ಮೂವರೂ ಕಡಲಿಗೆ ಹೋದೆವು. ಮನೆಯಾಕೆ ಕಾಲು ಗಂಟೆ ನಿಂತು ನೋಡಿ, ದೋಸೆಗೆ ನೆನೆಹಾಕಬೇಕೆಂದು ಹಿಂದಿರುಗಿದಳು. ಮರುದಿನದಿಂದ ನನಗೂ ಮೊಮ್ಮಗಳಿಗೂ ದಿನಕ್ಕೆ ಎರಡು ಹೊತ್ತು ಕಡಲೇ ಕಡಲು. ಬೆಳಗ್ಗೆ ಹೊಳೆಯಾಚೆಯ ಸಹ್ಯಾದ್ರಿಯ ಮೇಲೆ ಸೂರ್ಯ ಹುಟ್ಟುವುದು. ಸಂಜೆ ಆರು ಹೊಡೆದ ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಮುಳುಗುವುದು. ಇಲ್ಲಿಯ ದಡ ಕಡಿದಾದದ್ದು. ಹತ್ತು ಹೆಜ್ಜೆಗೇ ಆಳ, ಹಿಂದಕ್ಕೆ ಸರಿಯುವ ನೀರಿಗೆ ಬಲವಾದ ಸೆಳೆತ. ಕಾಲು ನೆನೆಯುವಷ್ಟು ನೀರಿನಲ್ಲಿ ನಿಂತು ಆಕೆಯ ಕೈ ಹಿಡಿದುಕೊಂಡಿರುತ್ತಿದ್ದೆನು. ಒಂದೇ ತಲೆ ಎಣಿಸಬೇಕಾದ್ದರಿಂದ ಅಲೆಗಳನ್ನು ನೋಡಲು ಪುರಸೊತ್ತು ಸಿಕ್ಕಿತು. ಹುಡುಗಿಗೆ ಲೆಕ್ಕವನ್ನೂ ಹೇಳಿದೆನು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು ಮೂವತ್ತೈದು ಗ್ರಾಮು ಉಪ್ಪು. ಅಂದರೆ ನನ್ನ ವೈದ್ಯರ ಪ್ರಕಾರ ನನಗೆ ಸರಿಯಾಗಿ ಒಂದು ವಾರದ್ದು. "ಹಾಗಾದರೆ ತಾತ, ಇಷ್ಟು ಕಡಲು ನಿಮಗೆ ಎಷ್ಟು ವರ್ಷಕ್ಕೆ ಬರುತ್ತದೆ?" ಎಂದಳು. ಆ ಲೆಕ್ಕವನ್ನು ಅವಳ ಅಪ್ಪನಿಗೆ ಬಿಟ್ಟಿದ್ದೇನೆ.

ಮನೆಗೆ ಬರುವ ಹೊತ್ತಿಗೆ ಬಿಸಿಬಿಸಿ ಊಟ ಸಿದ್ಧವಾಗಿರುತ್ತಿತ್ತು. ತರಕಾರಿ ತರುವ ಕೆಲಸ ಮಾತ್ರ ನನ್ನದು, ಅದರಲ್ಲಿಯೂ ಎಡವಿದೆನು. ಕೋಸಂಬರಿಗೆಂದು ಅಂಗಡಿಯಲ್ಲಿ ಸೌತೆಕಾಯಿ ಕೇಳಿದರೆ ಹುಳಿಗೆ ಹಾಕುವ ದಪ್ಪ ಕಾಯನ್ನು ಕೊಟ್ಟರು. ನಾವು ಹಸಿಯಾಗಿ ತಿನ್ನುವುದಕ್ಕೆ ಇಲ್ಲಿ ಮುಳ್ಳುಸೌತೆಯೆಂದು ಹೆಸರು. ಮನೆಯಾಕೆ ಅದನ್ನೂ ಏನೋ ಮಾಡಿ ಬಡಿಸಿದಳು. ಏನು ಮಾಡಿದಳೆಂದು ನಾನು ಕೇಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮೊಮ್ಮಗಳು ಒಂದು ನೋಟುಪುಸ್ತಕವನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಶಾಲೆಯವರು ರಜೆಯ ದಿನಚರಿ ಬರೆಯಬೇಕೆಂದು ಹೇಳಿದ್ದರಂತೆ, ತಪ್ಪುಗಳನ್ನು ತಿದ್ದಿಕೊಡಬೇಕಂತೆ. ಇದಕ್ಕಿಂತ ಸಂತೋಷದ ಕೆಲಸ ನನಗೆ ಇನ್ನಾವುದು? ಕನ್ನಡಕ ಹಾಕಿಕೊಂಡು, ಕೆಂಪು ಸೀಸದಕಡ್ಡಿ ಹಿಡಿದು ಕುಳಿತೆನು. ಮೊದಲ ದಿನ: ನಾನೂ ತಾತನೂ ಸಮುದ್ರಕ್ಕೆ ಹೋದೆವು, ಅಜ್ಜಿ ಬೇಗ ಬಂದರು. ಎರಡನೆಯ ದಿನ: ನಾನೂ ತಾತನೂ ಎರಡು ಸಲ ಸಮುದ್ರಕ್ಕೆ ಹೋದೆವು, ಅಜ್ಜಿ ದೋಸೆ ಮಾಡಿದರು. ಮೂರನೆಯ ದಿನ: ನಾನೂ ತಾತನೂ ಎರಡು ಸಲ ಸಮುದ್ರಕ್ಕೆ ಹೋದೆವು, ಅಜ್ಜಿ ಬಿಸಿಬೇಳೆಭಾತು ಮಾಡಿದರು. 'ಹೋದೆವು' ಎಂಬಲ್ಲಿ ಮೂರು ಕಡೆಯೂ ದೀರ್ಘ ಬಿಟ್ಟುಹೋಗಿತ್ತು. ಮೂರನ್ನೂ ತಿದ್ದಿದೆನು. ತಿದ್ದಿ, ರುಜು ಹಾಕುವಾಗ, ವಾಕ್ಯಗಳನ್ನು ಇನ್ನೊಮ್ಮೆ ಓದಿದೆನು.

ಕರ್ತೃವನ್ನು ಗುರುತಿಸು, ಕರ್ಮವನ್ನು ಗುರುತಿಸು ಎಂದು ನಾನು ಹುಡುಗರ ಪ್ರಾಣ ತಿಂದವನು. ಅಜ್ಜಿಯೆಂಬ ಕರ್ತೃ ಬಂದ ವಾಕ್ಯಗಳಲ್ಲೆಲ್ಲಾ ದೋಸೆ ಇದ್ದಿತು, ಬಿಸಿಬೇಳೆಭಾತು ಇದ್ದಿತು. ಸಮುದ್ರ ಒಂದರಲ್ಲಿಯೂ ಇರಲಿಲ್ಲ. ಹುಡುಗಿ ದೂರು ಹೇಳಿರಲಿಲ್ಲ. ನಡೆದುದನ್ನು ನಡೆದ ಹಾಗೆ ಬರೆದಿದ್ದಳು.

ನಾನು ಎದ್ದು ಅಡಿಗೆಯ ಮನೆಗೆ ಹೋದೆನು. ಮೂರು ದಿನದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಹಳೆಯ ಕಾಲದ ಮನೆ. ಶಾಸ್ತ್ರದಂತೆ ಅಡಿಗೆಯ ಮನೆ ಆಗ್ನೇಯ ಮೂಲೆಯಲ್ಲಿ. ವರುಣನ ದಿಕ್ಕು ಪಶ್ಚಿಮ. ಒಲೆಯ ಮುಂದೆ ಪೂರ್ವಾಭಿಮುಖವಾಗಿ ನಿಂತವಳ ಬೆನ್ನು ನೇರವಾಗಿ ಕಡಲಿಗೆ. ಇದ್ದ ಒಂದು ಕಿಟಕಿಯಿಂದ ಕಾಣುತ್ತಿದ್ದುದು ಹಸುವಿನ ಕೊಟ್ಟಿಗೆ. ಕಡಲಿನ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿದ್ದಿತು. ಶಿವರಾಮ ಕಾರಂತರು ೧೯೪೧ರಲ್ಲಿ ಬರೆದ ಮರಳಿ ಮಣ್ಣಿಗೆ ಕಾದಂಬರಿಯಲ್ಲಿ ಈ ಕರಾವಳಿಯದೇ ಒಂದು ಸಂಸಾರದ ಮೂರು ತಲೆಮಾರಿನ ಕಥೆಯಿದೆ. ಕಡಲಿನ ಸದ್ದನ್ನು ಹಗಲೂ ರಾತ್ರಿ ಕೇಳುತ್ತ ಹೆಂಗಸರು ಅದರಲ್ಲಿ ದುಡಿಯುತ್ತಾರೆ. ತರುಣನಾಗಿದ್ದಾಗ ಓದಿ, ಎಂಥ ನೈಜವಾದ ಬರಹವೆಂದು ತಲೆದೂಗಿದ್ದೆನು. ತಲೆದೂಗುವಾಗ ಕೈಯಲ್ಲಿದ್ದ ಕಾಫಿಯ ಲೋಟವನ್ನು ಯಾರು ತಂದುಕೊಟ್ಟಿದ್ದರೆಂಬುದು ಆಗ ನೆನಪಿಗೆ ಬರಲಿಲ್ಲ.

"ಇವತ್ತು ರಾತ್ರಿಯ ಅಡಿಗೆ ನನ್ನದು; ನೀನು ಮಗುವನ್ನು ಕರೆದುಕೊಂಡು ಕಡಲಿಗೆ ಹೋಗು" ಎಂದೆನು.

ಆಕೆ ತಿರುಗಿ ನೋಡಿದಳು. "ಏನೂಂದ್ರೆ, ಮೈ ಸರಿಯಾಗಿದೆಯಷ್ಟೆ?" ಎಂದು ಕೇಳಿ, ಸ್ವಲ್ಪ ತಡೆದು, "ಪಾತ್ರೆಗಳು ಅವರವು" ಎಂದಳು. ಆ ಎರಡನೆಯ ಮಾತಿನಲ್ಲಿದ್ದ ಅವಿಶ್ವಾಸ ನನಗೆ ನಾಟಿತು. ನಮ್ಮ ಪುರಾಣಗಳಲ್ಲಿ ಹೆಸರಾದ ಅಡಿಗೆಯವರು ಗಂಡಸರೇ ಅಲ್ಲವೆ? ನಳನು ಬಾಹುಕನಾಗಿ ಋತುಪರ್ಣನ ಆಶ್ರಯದಲ್ಲಿದ್ದನು. ಭೀಮನು ವಲಲನಾಗಿ ವಿರಾಟನ ಪಾಕಶಾಲೆಯನ್ನು ಆಳಿದನು. ಸಂಸ್ಕೃತದ ಪಾಕದರ್ಪಣ ನಳನ ಹೆಸರಿನಲ್ಲಿದೆ. ಕನ್ನಡದಲ್ಲಿ ಸೂಪಶಾಸ್ತ್ರ ಬರೆದವನು ಮೂರನೆಯ ಮಂಗರಸ. ಅವನಿಗೂ ಐದು ನೂರು ವರ್ಷ ಹಿಂದೆ ಚಾವುಂಡರಾಯನ ಲೋಕೋಪಕಾರದಲ್ಲಿಯೂ ಪಾಕದ ಅಧ್ಯಾಯವಿದೆ. ಇದನ್ನೆಲ್ಲಾ ಆಕೆಗೆ ಹೇಳಿದೆನು. "ಬರೆದವರು ಸರಿ" ಎಂದು ಹೇಳಿ ಆಕೆ ಸೆರಗಿಗೆ ಕೈ ಒರೆಸಿಕೊಂಡು ಮಗುವಿನ ಕೈ ಹಿಡಿದು ಹೊರಟಳು.

ಆಯಾ ದೇಶದಲ್ಲಿ ಆಯಾ ದೇಶದ ಅನ್ನ ಉಣ್ಣಬೇಕೆಂದು ನಾನು ಹಿಂದಿನ ದಿನ ತ್ರಾಸಿಯ ಅಂಗಡಿಯಿಂದ ಕುಚ್ಚಲಕ್ಕಿ ತಂದಿದ್ದೆನು. ಅದನ್ನೇ ಬೇಯಿಸುವುದೆಂದು ತೀರ್ಮಾನಿಸಿದೆನು. ಬೆಂಕಿಪೊಟ್ಟಣ ಹುಡುಕುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಅದು ಒಲೆಯ ಪಕ್ಕದಲ್ಲಿಯೇ ಇದ್ದಿತು. ನಮ್ಮ ಕಡೆಯ ಅಕ್ಕಿಗೆ ಹೇಗೋ ಹಾಗೆಯೇ ಒಂದಕ್ಕೆ ಎರಡು ನೀರು ಹಾಕಿ ಇಟ್ಟು, ಇಪ್ಪತ್ತು ನಿಮಿಷದ ಮೇಲೆ ಮುಚ್ಚಳ ತೆಗೆದು ನೋಡಿದರೆ, ಕಾಳು ಕಾಳಾಗಿ ಗಟ್ಟಿಯಾಗಿ ಹಾಗೆಯೇ ಇದೆ. ತಳದಲ್ಲಿ ಮಾತ್ರ ಸೀದ ವಾಸನೆ. ಆ ವಾಸನೆಯೇ ಹಿಂಬದಿಯ ಕೋಣೆಗೆ ಹೋಗಿ ಮನೆಯೊಡತಿಯನ್ನು ಕರೆತಂದಿತು.

"ಹ್ವಾಯ್ ಮಾಷ್ಟ್ರೆ, ಅದ್ ಕುಚ್ಚಲಕ್ಕಿ ಅಲ್ದಾ? ಗಡಿಬಿಡಿ ಮಾಡ್ರೆ ಬೇಯುದಿಲ್ಲ" ಎಂದರು. ಬಾಗಿಲಲ್ಲಿಯೇ ನಿಂತು ಆಕೆ ಹೇಳಿದ್ದನ್ನು ನಾನು ವಿದ್ಯಾರ್ಥಿಯಂತೆ ಕೇಳಿಕೊಂಡೆನು. ಭತ್ತವನ್ನು ನೆನೆಸಿ, ಹೊಟ್ಟಿನ ಸಂಗಡವೇ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿ ತೆಗೆದ ಅಕ್ಕಿ ಇದು. ಒಮ್ಮೆ ಬೆಂದು ಒಣಗಿ ಬಿಗಿದುಕೊಂಡ ಕಾಳು. ಹೊಟ್ಟಿನ ಸತ್ತ್ವವೂ ಒಳಕ್ಕೆ ಇಳಿದಿರುತ್ತದೆ. ಮತ್ತೆ ಅರಳಬೇಕಾದರೆ ತುಂಬ ನೀರು ಬೇಕು, ಮುಕ್ಕಾಲು ಗಂಟೆಗೆ ಕಡಮೆಯಿಲ್ಲದ ಹೊತ್ತು ಬೇಕು. ಬೆಂದ ಮೇಲೆ ಗಂಜಿಯನ್ನು ಬಸಿಯಬಹುದು. ಬಸಿಯದೆ ಹಾಗೆಯೇ ಉಂಡರೆ ಇನ್ನೂ ಒಳ್ಳೆಯದು. ಬೇರೆ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಸೀಯದ ಮೇಲಿನ ಅಕ್ಕಿಯನ್ನು ಅದಕ್ಕೆ ಸುರಿದು, ಗಡಿಯಾರದ ಮುಂದೆ ನಿಂತೆನು.

ಗಡಿಯಾರ ನೋಡಿದ ಮೇಲೆಯೇ ಇನ್ನೊಂದು ಸಂಗತಿ ಹೊಳೆಯಿತು. ಏಳು ಹೊಡೆಯುತ್ತಿದೆ, ಕತ್ತಲಾಗಿದೆ, ಐದಕ್ಕೆ ಹೋದವರು ಬಂದಿಲ್ಲ. ಐವತ್ತೊಂಬತ್ತರ ಲೆಕ್ಕದ ಹಳೆಯ ನಡುಕ ಹೊಟ್ಟೆಯಿಂದ ಎದ್ದಿತು. ದಡದ ಸೆಳೆತ ನೆನಪಾಯಿತು. ಆಕೆಗೆ ನೀರಿನ ಪರಿಚಯವಿಲ್ಲ, ಹುಡುಗಿಗೆ ಭಯವಿಲ್ಲ. ಒಲೆ ಆರಿಸಿ, ಟಾರ್ಚು ಹಿಡಿದು, ಎರಡು ನೂರು ಹೆಜ್ಜೆಗಳನ್ನು ನನ್ನ ವಯಸ್ಸಿಗೆ ತಕ್ಕದ್ದಲ್ಲದ ವೇಗದಲ್ಲಿ ನಡೆದೆನು.

ಇಬ್ಬರೂ ಅಲ್ಲಿಯೇ ಇದ್ದರು. ನೀರಿನಿಂದ ಚೆನ್ನಾಗಿ ದೂರದಲ್ಲಿ, ಒಂದು ಚಪ್ಪಟೆ ಬಂಡೆಯ ಮೇಲೆ ಆಕೆ ಕುಳಿತಿದ್ದಳು. ಮಗು ಆಕೆಯ ಮಡಿಲಿನಲ್ಲಿ ತಲೆಯಿಟ್ಟು ಮಲಗಿದ್ದಳು. ಸೀರೆಯ ಅಂಚು ಮೊಣಕಾಲಿನವರೆಗೆ ನೆನೆದಿತ್ತು. ದೂರದಲ್ಲಿ ಮೀನುದೋಣಿಗಳ ದೀಪಗಳು ಸಾಲಾಗಿ ಮಿನುಗುತ್ತಿದ್ದವು. ಅಲೆಗಳು ಕಾಣುತ್ತಿರಲಿಲ್ಲ, ಒಡೆಯುವಾಗಿನ ಬಿಳುಪು ಮಾತ್ರ ಕಾಣುತ್ತಿದ್ದಿತು. ನಾನು ಏದುಸಿರು ಬಿಡುತ್ತ ಪಕ್ಕದಲ್ಲಿ ಕುಳಿತೆನು. ಗದರಬೇಕೆಂದು ತಂದಿದ್ದ ಮಾತು ಬಾಯಿಯಿಂದ ಹೊರಡಲಿಲ್ಲ.

ಬಹಳ ಹೊತ್ತಿನ ಮೇಲೆ ಆಕೆಯೇ ಮಾತಾಡಿದಳು. "ನಮ್ಮಮ್ಮ ಎರಡು ಕೊಡ ನೀರಿಗೆ ಒಂದು ಮೈಲಿ ಹೋಗುತ್ತಿದ್ದಳು. ಇಲ್ಲಿ ಇಷ್ಟು ನೀರು ಬಿದ್ದಿದೆ. ಒಂದು ಕೊಡವೂ ಉಪಯೋಗಕ್ಕಿಲ್ಲ! ಆದರೂ ನೋಡುತ್ತಾ ಕೂತರೆ ಏಳಬೇಕು ಅನ್ನಿಸುವುದಿಲ್ಲ."

ಹದಿನೈದು ಹೆಸರುಗಳಲ್ಲಿ ಒಂದನ್ನಾದರೂ ಆಕೆಗೆ ಹೇಳಬೇಕೆಂದು ನನಗೆ ತೋರಲಿಲ್ಲ.

"ಅನ್ನ ಆಯಿತೆ?" ಎಂದಳು.

"ಇಲ್ಲ, ಇನ್ನೂ ಬೇಯಬೇಕು."

"ಹಾಗಾದರೆ ಇನ್ನಷ್ಟು ಹೊತ್ತು ಕೂಡಬಹುದು."

ಕುಳಿತೆವು. ಆ ರಾತ್ರಿ ಊಟವಾದಾಗ ಒಂಬತ್ತೂವರೆ. ಮನೆಯೊಡತಿ ತಮ್ಮ ಕಡೆಯಿಂದ ಮಾವಿನ ಮಿಡಿಯ ಉಪ್ಪಿನಕಾಯಿಯನ್ನೂ ಒಂದು ಬಟ್ಟಲು ಒಂದೆಲಗದ ತಂಬುಳಿಯನ್ನೂ ತಂದಿಟ್ಟರು. ಉಪ್ಪಿನಕಾಯಿಯನ್ನು ಮನೆಯಾಕೆ ನನ್ನ ಎಲೆಯಿಂದ ದೂರ ಸರಿಸಿದಳು. ಗಂಜಿಯಲ್ಲಿ ಸೀದ ವಾಸನೆ ಸ್ವಲ್ಪ ಉಳಿದಿತ್ತು. ಯಾರೂ ಏನೂ ಅನ್ನಲಿಲ್ಲ. ಮಗು ಮಾತ್ರ ದಿನಚರಿಯಲ್ಲಿ ಬರೆದಳು. ಸೀದ ಪಾತ್ರೆಯನ್ನು ನಾನೇ ತೆಂಗಿನ ನಾರು ಮತ್ತು ಬೂದಿ ಹಿಡಿದು, ಮರುದಿನ ಬೆಳಗ್ಗೆ ಬಾವಿಯ ಕಟ್ಟೆಯಲ್ಲಿ ಕುಳಿತು ಉಜ್ಜಿದೆನು. ಅರ್ಧ ಗಂಟೆಯ ಕೆಲಸ. ಒಂದು ಮೂಲೆಯಲ್ಲಿ ಕಲೆ ಉಳಿದೇ ಉಳಿಯಿತು.

ಮಿಕ್ಕ ನಾಲ್ಕು ದಿನಗಳ ವಿಷಯ ಹೆಚ್ಚು ಹೇಳತಕ್ಕದ್ದೇನೂ ಇಲ್ಲ. ಬೆಳಗಿನ ತಿಂಡಿ ಆಕೆಯದು, ರಾತ್ರಿಯ ಗಂಜಿ ನನ್ನದು, ಮಧ್ಯಾಹ್ನಕ್ಕೆ ಒಂದೇ ಅನ್ನ ಒಂದೇ ಹುಳಿ, ಪಲ್ಯವಿಲ್ಲ, ಕೋಸಂಬರಿಯಿಲ್ಲ. ಎರಡು ಸಲ ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಇಡ್ಲಿ ತಿಂದು, ವೈದ್ಯರಿಗೆ ತಿಳಿಸದಿರುವುದೆಂದು ಮೂವರೂ ಒಪ್ಪಂದ ಮಾಡಿಕೊಂಡೆವು. ಒಂದು ದಿನ ಗಂಗೊಳ್ಳಿಗೆ ಹೋಗಿ ಬಂದರಿನಲ್ಲಿ ದೋಣಿಗಳು ಬಂದು ನಿಲ್ಲುವುದನ್ನು ನೋಡಿದೆವು. ಜೂನ್ ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗೆ ಇಳಿಯಬಾರದೆಂಬ ನಿಯಮವಿದೆ; ಮೀನು ಮರಿಮಾಡುವ ಕಾಲ. ಆಶ್ವಯುಜದ ಹೊತ್ತಿಗೆ ದೋಣಿಗಳೆಲ್ಲಾ ಹೊರಟು ಬಂದರು ಗಿಜಿಗಿಜಿಯಾಗಿದ್ದಿತು. ರಘುವಂಶವನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಸಂಜೆಗಳಲ್ಲಿ ಆಕೆಯೂ ಮಗುವೂ ಮುಂದೆ ಹೋಗುತ್ತಿದ್ದರು. ಅಕ್ಕಿಯನ್ನು ಕುದಿಯುವ ನೀರಿಗೆ ಹಾಕಿ, ಉರಿ ತಗ್ಗಿಸಿ, ಮನೆಯೊಡತಿಯನ್ನು ಕಾವಲಿಟ್ಟು ನಾನು ಹಿಂದಿನಿಂದ ಹೋಗುತ್ತಿದ್ದೆನು. ಆಕೆ ಯಾವಾಗಲೂ ಅದೇ ಬಂಡೆಯ ಮೇಲೆ ಕುಳಿತಿರುತ್ತಿದ್ದಳು.

ಹೊರಡುವ ದಿನ ಬೆಳಗ್ಗೆ ಬೀಗದ ಕೈಯನ್ನು ಒಪ್ಪಿಸಿ, ಲೆಕ್ಕ ಮುಗಿಸಿ, ಕಲೆ ಉಳಿದ ಪಾತ್ರೆಯ ವಿಷಯವನ್ನೂ ನಾನೇ ಹೇಳಿದೆನು. ಆಕೆ ಅದಕ್ಕೆ ನಕ್ಕುಬಿಟ್ಟರು. ಮುಂಗಡದಲ್ಲಿ ಒಂದು ಕಾಸೂ ಹಿಡಿಯಲಿಲ್ಲ. ಕಾರು ಬಂದು ನಿಂತಿತು. ಮನೆಯೊಡತಿ ಒಳಗೆ ಹೋಗಿ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟನ್ನು ತಂದರು. ತಮ್ಮ ಗದ್ದೆಯ ಕುಚ್ಚಲಕ್ಕಿ, ಎರಡು ಸೇರಿನಷ್ಟು. ಮನೆಯಾಕೆ ತೆಗೆದುಕೊಳ್ಳಲು ಕೈ ನೀಡಿದಳು. ಆಕೆ ಅವಳನ್ನು ದಾಟಿ ಬಂದು ಗಂಟನ್ನು ನನ್ನ ಕೈಯಲ್ಲಿ ಇಟ್ಟು, "ಮುಕ್ಕಾಲು ಗಂಟಿ, ಮಾಷ್ಟ್ರೆ; ಮರೀಬೇಡಿ" ಎಂದರು.